ಬುಧವಾರದ ಉಪನ್ಯಾಸದಿಂದ ಮಕ್ಕಳ ಸಮಾವೇಶದವರೆಗೆ: ಕರ್ನಾಟಕದಲ್ಲಿ ಸಾರ್ವಜನಿಕ ವಿಜ್ಞಾನ ಕಾರ್ಯಕ್ರಮಗಳು ನಡೆದುಬಂದ ದಾರಿ

ಕರ್ನಾಟಕದಲ್ಲಿ ವಿಜ್ಞಾನವನ್ನು ತರಗತಿಯ ಹೊರಗೆ, ಪದವಿ ಪರೀಕ್ಷೆಗಳ ಹಂಗಿಲ್ಲದ ಜನರ ನಡುವೆ ತರುವ ಪ್ರಯತ್ನಗಳಿಗೆ ಒಂದು ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. ಈ ಅವಧಿಯಲ್ಲಿ ಅದು ಪತ್ರಿಕೆ, ಉಪನ್ಯಾಸ, ವಸ್ತುಪ್ರದರ್ಶನ, ಜಾಥಾ, ರಸಪ್ರಶ್ನೆ, ನಾಟಕ, ಮಕ್ಕಳ ಸಮಾವೇಶ ಎಂದು ಹಲವು ರೂಪಗಳನ್ನು ತಾಳಿದೆಯಾದರೂ, ಇವನ್ನೆಲ್ಲ ಒಟ್ಟಾಗಿ ನೋಡಿದರೆ ಎರಡು ಬಗೆಗಳು ಎದ್ದು ಕಾಣುತ್ತವೆ: ಬಲ್ಲವರು ಹೇಳಿ ಉಳಿದವರು ಕೇಳುವ ಅಥವಾ ನೋಡುವ ಬಗೆ ಒಂದು, ಬಂದವರೇ ಅಳೆದು, ಎಣಿಸಿ, ಬರೆದಿಟ್ಟು, ತಮ್ಮ ಲೆಕ್ಕವನ್ನು ಹತ್ತು ಜನರ ಮುಂದೆ ಸಮರ್ಥಿಸಿಕೊಳ್ಳುವ ಬಗೆ ಇನ್ನೊಂದು. ಮೊದಲನೆಯದು ಹಳೆಯದು ಮಾತ್ರವಲ್ಲ, ಇಂದಿಗೂ ಬೇಕಾದದ್ದು. ಆದರೆ ಒಂದು ಊರಿನಲ್ಲಿ ವಿಜ್ಞಾನ ನಿಜವಾಗಿ ನೆಲೆಯೂರಿತೇ ಎಂಬುದಕ್ಕೆ ಉತ್ತರ ಸಿಗುವುದು ಎರಡನೆಯದರಲ್ಲಿಯೇ.

ಕನ್ನಡದಲ್ಲಿ ಈ ಕೆಲಸ ಶುರುವಾದದ್ದು ಅಚ್ಚಿನ ಮೂಲಕ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ, ಕನ್ನಡ ಸಾಹಿತ್ಯ ಪರಿಷತ್ತಿನ ಸ್ಥಾಪನೆಯಲ್ಲೂ ಮುಂದಾಗಿ ನಿಂತ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ ಸೇರಿ 1918ರಲ್ಲಿ ಹೊರಡಿಸಿದ 'ವಿಜ್ಞಾನ' ಮಾಸಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲವಾದರೂ, ಗಹನವಾದ ವಿಷಯಗಳನ್ನು ಕನ್ನಡದಲ್ಲಿ ಬರೆಯಬಹುದು, ಅದಕ್ಕೆ ಓದುಗರೂ ಸಿಗುತ್ತಾರೆ ಎಂಬುದನ್ನು ತೋರಿಸಿಕೊಟ್ಟಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯು, ಅಂದರೆ ಅಧ್ಯಾಪಕರೇ ಊರೂರಿಗೆ ಹೋಗಿ ಕನ್ನಡದಲ್ಲಿ ಮಾತನಾಡಿ, ಆ ಮಾತುಗಳನ್ನೇ ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸುವ ಯೋಜನೆಯು, ಈ ಓದುಗರನ್ನು ಕೇಳುಗರನ್ನಾಗಿಯೂ ಮಾಡಿತು. ಮೈಸೂರಿನ ದಸರಾ ವಸ್ತುಪ್ರದರ್ಶನ ಇವೆಲ್ಲಕ್ಕಿಂತ ಹಿಂದಿನದು. ಆದರೆ ಅದರ ಒಲವು ಕೈಗಾರಿಕೆ, ಬೇಸಾಯಗಳ ಕಡೆಗಿದ್ದುದರಿಂದ ಅದನ್ನು ವಿಜ್ಞಾನ ಪ್ರಸಾರದ ಲೆಕ್ಕಕ್ಕೆ ಪೂರ್ತಿಯಾಗಿ ಸೇರಿಸಲಾಗದು.

ಉಪನ್ಯಾಸವನ್ನು ಬಿಡಿ ಸಂದರ್ಭವಾಗಿ ಉಳಿಸದೆ ಒಂದು ಸಂಸ್ಥೆಯಾಗಿ ಬೆಳೆಸಿದ ಕೀರ್ತಿ 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಆರಂಭವಾದ ಬೆಂಗಳೂರು ಸೈನ್ಸ್ ಫೋರಂಗೆ ಸಲ್ಲಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆತನದಲ್ಲಿ ಹುಟ್ಟಿ, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆಮನೆ ಕಂಡು, ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಪರಮಾಣು ಬೀಜದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದು, ಖಾದಿಯುಟ್ಟು ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬದುಕು ಕಳೆದ ಎಚ್. ನರಸಿಂಹಯ್ಯನವರು ಈ ವೇದಿಕೆಯ ಜೀವಾಳವಾಗಿದ್ದರು. ಪ್ರತಿ ಬುಧವಾರ ಸಂಜೆ ಒಂದು ಉಪನ್ಯಾಸ, ಜುಲೈ ತಿಂಗಳಲ್ಲಿ ತಿಂಗಳು ಪೂರ್ತಿ ನಡೆಯುವ ವಿಜ್ಞಾನ ಉತ್ಸವ: ವೇದಿಕೆಯ ಕಾರ್ಯಕ್ರಮವನ್ನು ಇಷ್ಟರಲ್ಲೇ ಹೇಳಿ ಮುಗಿಸಬಹುದು. ಅದರ ಹೆಚ್ಚುಗಾರಿಕೆ ಇರುವುದು ಹೊಸತನದಲ್ಲಲ್ಲ, ತಪ್ಪದೆ ನಡೆಸಿಕೊಂಡು ಬಂದ ಶಿಸ್ತಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಇಸ್ರೋದಂಥ ಕಡೆಗಳಲ್ಲಿ ದುಡಿಯುವ ವಿಜ್ಞಾನಿಗಳ ಎದುರು ನಿವೃತ್ತ ಗುಮಾಸ್ತರೂ ಕಾಲೇಜು ಹುಡುಗರೂ ಗೃಹಿಣಿಯರೂ ಒಂದೇ ಸಾಲಿನಲ್ಲಿ ಕುಳಿತು, ಶುಲ್ಕವಿಲ್ಲದೆ, ಆಹ್ವಾನಪತ್ರದ ಕಟ್ಟುಪಾಡಿಲ್ಲದೆ ಕೇಳಬಹುದಾದ ಜಾಗವೊಂದು ನಗರದ ನಡುವೆ ಉಳಿದುಕೊಂಡದ್ದು ಸಣ್ಣ ಸಾಧನೆಯಲ್ಲ.

ನರಸಿಂಹಯ್ಯನವರ ದೃಷ್ಟಿಯಲ್ಲಿ ವಿಜ್ಞಾನದ ತಿಳಿವಳಿಕೆ ಬೇರೆ, ವೈಜ್ಞಾನಿಕ ಮನೋಭಾವ ಬೇರೆ. ಮೊದಲನೆಯದು ಮಾಹಿತಿ, ಎರಡನೆಯದು ಯಾವ ಮಾತನ್ನೇ ಆಗಲಿ ಸಾಕ್ಷ್ಯ ಕೇಳದೆ ಒಪ್ಪದಿರುವ ಅಭ್ಯಾಸ. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಿ ನೋಡಬಹುದಾದ ಇತರ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಅವರು ನೇಮಿಸಿದ ಸಮಿತಿಯು ದೇಶದಾದ್ಯಂತ ಚರ್ಚೆಗೆ ಕಾರಣವಾಯಿತು. ಸಮಿತಿಯ ಶೋಧನೆಗಿಂತ ಅದು ಎಬ್ಬಿಸಿದ ವಾಗ್ವಾದವೇ ದೊಡ್ಡ ಸಾರ್ವಜನಿಕ ಪಾಠವಾಯಿತೆಂದರೆ ತಪ್ಪಾಗದು. ಇಷ್ಟಾದರೂ ಒಂದು ಮಿತಿಯನ್ನು ಹೇಳಲೇಬೇಕು: ವೇದಿಕೆಯ ಉಪನ್ಯಾಸಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆದವು, ಕೇಳಲು ಬಂದವರು ಬಹುಮಟ್ಟಿಗೆ ನಗರದವರು. ಬಾಗೇಪಲ್ಲಿ, ಗೌರಿಬಿದನೂರುಗಳಲ್ಲಿ ನ್ಯಾಷನಲ್ ಸಂಸ್ಥೆಯ ಕಾಲೇಜುಗಳನ್ನು ತೆರೆದು ಆ ಕೊರತೆಯನ್ನು ನರಸಿಂಹಯ್ಯನವರು ಬೇರೆ ದಾರಿಯಿಂದ ತುಂಬಲು ನೋಡಿದರೆಂಬುದೂ ನಿಜ.

ಅದೇ 1962ರಲ್ಲಿ ಕಬ್ಬನ್ ಉದ್ಯಾನದ ಅಂಚಿನಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಕಟ್ಟಡ ಉದ್ಘಾಟನೆಗೊಂಡು, 1965ರಲ್ಲಿ ವಿದ್ಯುತ್ತಿಗೆ ಮೀಸಲಾದ ಮೊದಲ ಅಂಕಣ ಜನರಿಗೆ ತೆರೆಯಿತು. ಗಾಜಿನ ಪೆಟ್ಟಿಗೆಯೊಳಗಿನ ವಸ್ತುವನ್ನು ಮುಟ್ಟದೆ ನೋಡಿ ಹೋಗುವ ಹಳೆಯ ಕ್ರಮಕ್ಕೆ ಬದಲಾಗಿ, ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ, ಏನಾಗುತ್ತದೆಂದು ತಾನೇ ಕಂಡುಕೊಳ್ಳುವ ಕ್ರಮವನ್ನು ಅದು ಪರಿಚಯಿಸಿತು. ಸಂಚಾರಿ ವಿಜ್ಞಾನ ಪ್ರದರ್ಶನದ ಬಸ್ಸು, ದಕ್ಷಿಣ ಭಾರತ ಮಟ್ಟದ ವಿಜ್ಞಾನ ಮೇಳ, ಜಿಲ್ಲೆಯಿಂದ ಮೇಲಕ್ಕೆ ಹಂತಹಂತವಾಗಿ ನಡೆಯುವ ವಿಜ್ಞಾನ ಗೋಷ್ಠಿ ಮತ್ತು ವಿಜ್ಞಾನ ನಾಟಕ ಸ್ಪರ್ಧೆಗಳು ಇದರ ಆಶ್ರಯದಲ್ಲಿ ಬೆಳೆದವು. ವಿಜ್ಞಾನ ಗೋಷ್ಠಿಯೆಂದರೆ ಕೊಟ್ಟ ವಿಷಯದ ಮೇಲೆ ವಿದ್ಯಾರ್ಥಿಯೊಬ್ಬ ಚಿತ್ರಪಟಗಳ ನೆರವಿನಿಂದ ಕೆಲವೇ ನಿಮಿಷ ಮಾತನಾಡಿ ತೀರ್ಪುಗಾರರ ಪ್ರಶ್ನೆಗಳಿಗೆ ಉತ್ತರಿಸುವ ಸ್ಪರ್ಧೆ. ಸರ್ಕಾರಿ ಪ್ರೌಢಶಾಲೆಗಳ ಅನೇಕ ಮಕ್ಕಳಿಗೆ ವೇದಿಕೆ ಹತ್ತಿ ವಿಜ್ಞಾನ ಮಾತನಾಡುವ ಅವಕಾಶ ಮೊದಲಿಗೆ ಸಿಗುವುದು ಇಂಥ ಗೋಷ್ಠಿಗಳಲ್ಲೇ.

ಜನರಿಗೂ ವಿಜ್ಞಾನಕ್ಕೂ ನಡುವೆ ಎಷ್ಟು ದೂರವಿದೆಯೆಂಬುದನ್ನು ತೋರಿಸಿದ್ದು 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣ. ಚಂದ್ರನ ನೆರಳಿನ ಪಟ್ಟಿ ಅಂಕೋಲಾದ ಕರಾವಳಿಯಿಂದ ಹುಬ್ಬಳ್ಳಿ, ರಾಯಚೂರು ಸೀಮೆಗಳ ಮೇಲೆ ಹಾದುಹೋದಾಗ ಖಗೋಳವಿಜ್ಞಾನಿಗಳು ದೂರದರ್ಶಕಗಳನ್ನು ಹೂಡಿಕೊಂಡು ಅಲ್ಲಿಯೇ ಬೀಡುಬಿಟ್ಟಿದ್ದರೆ, ದೇಶದ ಎಷ್ಟೋ ಊರುಗಳ ಬೀದಿಗಳು ಬಿಕೋ ಎನ್ನುತ್ತಿದ್ದವು. ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು. ಕಣ್ಣಿಗೆ ಅಪಾಯವೆಂಬ ಸರಿಯಾದ ಎಚ್ಚರಿಕೆಯೂ ಗ್ರಹಣದ ಸೋಂಕೆಂಬ ಹಳೆಯ ಅಂಜಿಕೆಯೂ ಒಂದರೊಳಗೊಂದು ಬೆರೆತುಹೋದದ್ದರ ಪರಿಣಾಮವಿದು. ಸೂರ್ಯಬಿಂಬವನ್ನು ರಟ್ಟಿನ ತೂತಿನ ಮೂಲಕ ಗೋಡೆಯ ಮೇಲೆ ಬೀಳಿಸಿ ಯಾವ ಅಪಾಯವೂ ಇಲ್ಲದೆ ನೋಡಬಹುದೆಂಬ ಸರಳ ವಿಷಯವನ್ನು ಊರೂರಿಗೆ ತಲುಪಿಸುವ ಜಾಲವೇ ಆಗ ಇರಲಿಲ್ಲ.

ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ರೂಪುಗೊಂಡದ್ದೂ 1980ರಲ್ಲೇ. ನರಸಿಂಹಯ್ಯನವರೂ, ಮೈಸೂರಿನಲ್ಲಿ ರಸಾಯನವಿಜ್ಞಾನ ಕಲಿಸಿ ಕನ್ನಡದಲ್ಲಿ ವಿಜ್ಞಾನ ಬರವಣಿಗೆಗೆ ಬದುಕು ಮೀಸಲಿಟ್ಟ ಜೆ.ಆರ್. ಲಕ್ಷ್ಮಣರಾಯರೂ ಅದಕ್ಕೆ ದಿಕ್ಕು ತೋರಿದವರು. ಲಕ್ಷ್ಮಣರಾಯರ ಸಂಪಾದಕತ್ವದಲ್ಲಿ ನೆಲೆಗೊಂಡ 'ಬಾಲ ವಿಜ್ಞಾನ' ಮಾಸಪತ್ರಿಕೆಯು ಶಾಲೆಯ ಗ್ರಂಥಾಲಯದಲ್ಲಿ ಕನ್ನಡದ ವಿಜ್ಞಾನಕ್ಕೆ ಒಂದು ಕಾಯಂ ಜಾಗ ದೊರಕಿಸಿತು. ಪರಿಷತ್ತಿನ ಕಾರ್ಯಕ್ರಮಗಳಲ್ಲಿ ಹಳ್ಳಿಗಳಿಗೆ ಬಹುಬೇಗ ಒಗ್ಗಿದ್ದು ಪವಾಡ ರಹಸ್ಯ ಬಯಲು. ನಿಂಬೆಹಣ್ಣನ್ನು ಕೊಯ್ದರೆ ರಕ್ತ ಒಸರುವುದು ಚಾಕುವಿಗೆ ಮೊದಲೇ ಸವರಿದ ಮೀಥೈಲ್ ಆರೆಂಜ್ ಎಂಬ ಬಣ್ಣ ಹುಳಿಯಲ್ಲಿ ಕೆಂಪಾಗುವುದರಿಂದ. ಮಂತ್ರ ಹೇಳಿ 'ತುಪ್ಪ' ಸುರಿದಾಗ ಬೆಂಕಿ ಹೊತ್ತಿಕೊಳ್ಳುವುದು ಆ ತುಪ್ಪ ಗ್ಲಿಸರಿನ್ ಆಗಿದ್ದು, ಕೆಳಗಿನ ಪುಡಿ ಪೊಟ್ಯಾಸಿಯಂ ಪರ್ಮಾಂಗನೇಟ್ ಆಗಿರುವುದರಿಂದ. ಇಂಥ ಪ್ರದರ್ಶನಗಳಿಗೆ ಜನ ಸೇರುವುದು ಸಹಜ. ಆದರೆ ಕೈಚಳಕ ತೋರಿಸಿ ಗುಟ್ಟು ಹೇಳುವವರು ಇನ್ನೊಬ್ಬ ಪವಾಡಪುರುಷರಂತೆ ಚಪ್ಪಾಳೆ ಗಿಟ್ಟಿಸಿಕೊಂಡು ಹೋಗುವ ಅಪಾಯವೂ ಇಲ್ಲಿದೆ. ಅದಕ್ಕಿಂತ ಹೆಚ್ಚು ಕೆಲಸ ಮಾಡುವುದು ಮನೆಯಲ್ಲೇ ಇರುವ ಆರತಿಯ ಕೆಂಪು ನೀರು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದಾಗ ಕೆಂಪಾಗುವುದನ್ನು ಎಲ್ಲ ಹೆಣ್ಣುಮಕ್ಕಳೂ ಬಲ್ಲರು. ಅದಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆಂಬುದನ್ನು ಮಗು ತಾನೇ ಮಾಡಿ ನೋಡಿದ ಮೇಲೆ ಆಮ್ಲ, ಕ್ಷಾರಗಳೆಂಬ ಪಾಠ ಬೇರೆಯಾಗಿ ಬೇಕಾಗುವುದಿಲ್ಲ. ನಿಂಬೆಹಣ್ಣಿನ ರಕ್ತದ ಗುಟ್ಟೂ ಆಗ ತಾನಾಗಿಯೇ ಬಿಡುತ್ತದೆ.

ದೇಶದ ಮಟ್ಟದಲ್ಲಿ ಈ ಚಟುವಟಿಕೆಗಳನ್ನು ಒಂದು ಚಳವಳಿಯಾಗಿ ಬೆಸೆದದ್ದು 1987ರ ಭಾರತ ಜನ ವಿಜ್ಞಾನ ಜಾಥಾ. ದೇಶದ ಐದು ಕಡೆಗಳಿಂದ ಗಾಂಧೀ ಜಯಂತಿಯ ದಿನ ಹೊರಟ ಕಲಾತಂಡಗಳು ಹಾಡು, ಬೀದಿನಾಟಕ, ಚಿತ್ರಪಟಗಳೊಡನೆ ಊರೂರು ಸುತ್ತಿ ಸಿ.ವಿ. ರಾಮನ್ ಅವರ ಜನ್ಮದಿನವಾದ ನವೆಂಬರ್ 7ರಂದು ಭೋಪಾಲದಲ್ಲಿ ಕೂಡಿದವು. ಮೂರು ವರ್ಷ ಮೊದಲು ವಿಷಾನಿಲದಿಂದ ಸಾವಿರಾರು ಜನ ಸತ್ತ ಊರನ್ನೇ ಸಮಾರೋಪಕ್ಕೆ ಆರಿಸಿಕೊಂಡದ್ದರಲ್ಲಿ, ವಿಜ್ಞಾನವನ್ನು ಹೊಗಳುವುದಷ್ಟೇ ಅಲ್ಲದೆ ಅದರ ಬಳಕೆಯನ್ನು ಪ್ರಶ್ನಿಸುವುದೂ ಜನರ ಹಕ್ಕೆಂಬ ಧ್ವನಿಯಿತ್ತು. ಫೆಬ್ರವರಿ 28ನ್ನು, ಅಂದರೆ 1928ರಲ್ಲಿ ರಾಮನ್ ಪರಿಣಾಮದ ಶೋಧವಾದ ದಿನವನ್ನು, ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುವ ರೂಢಿ ಬಂದದ್ದೂ ಅದೇ ವರ್ಷದಿಂದ. ಜಾಥಾದ ಕಾರ್ಯಕರ್ತರೇ ಮುಂದೆ ಸಾಕ್ಷರತಾ ಆಂದೋಲನದ ಬೆನ್ನೆಲುಬಾದರು. 1989ರಲ್ಲಿ ಹುಟ್ಟಿದ ಭಾರತ ಜ್ಞಾನ ವಿಜ್ಞಾನ ಸಮಿತಿಯ ಬೇರು ಇಲ್ಲಿದೆ.

ಈ ಹಿನ್ನೆಲೆಯಲ್ಲಿ 1993ರಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭವಾದ ಮಕ್ಕಳ ವಿಜ್ಞಾನ ಸಮಾವೇಶವು ಮೇಲೆ ಹೇಳಿದ ಎರಡನೆಯ ಬಗೆಗೆ ಅತ್ಯುತ್ತಮ ನಿದರ್ಶನ. ಗ್ವಾಲಿಯರ್‌ನಲ್ಲಿ ಸಣ್ಣ ಪ್ರಮಾಣದಲ್ಲಿ ನಡೆದ ಪ್ರಯೋಗವೊಂದನ್ನು ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಸಂವಹನ ಪರಿಷತ್ತು ದೇಶಕ್ಕೆಲ್ಲ ಹಬ್ಬಿಸಿತು; ಕರ್ನಾಟಕದಲ್ಲಿ ಅದನ್ನು ನಡೆಸಿಕೊಂಡು ಬಂದ ಹೊಣೆ ರಾಜ್ಯ ವಿಜ್ಞಾನ ಪರಿಷತ್ತಿನದು. ಇದರ ನಿಯಮಗಳನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಇದರ ಗುಣ ಅಡಗಿರುವುದು ನಿಯಮಗಳಲ್ಲೇ. ಹತ್ತರಿಂದ ಹದಿನೇಳು ವರ್ಷದೊಳಗಿನ ಯಾವ ಮಗುವಾದರೂ, ಶಾಲೆ ಬಿಟ್ಟ ಮಗುವೂ ಸಹ, ಭಾಗವಹಿಸಬಹುದು. ಕೇಂದ್ರ ವಿಷಯವೊಂದನ್ನು ಎರಡೆರಡು ವರ್ಷಕ್ಕೆ ಗೊತ್ತುಮಾಡಲಾಗುತ್ತದೆಯಾದರೂ, ಅದರೊಳಗಿನ ಪ್ರಶ್ನೆಯನ್ನು ಮಕ್ಕಳು ತಮ್ಮ ಊರಿನಿಂದಲೇ ಆರಿಸಿಕೊಳ್ಳಬೇಕು. ಮೊದಲು ಐವರವರೆಗೆ, ಈಗ ಇಬ್ಬರು ಮಕ್ಕಳ ತಂಡವು ಮಾರ್ಗದರ್ಶಿಯೊಬ್ಬರ ನೆರವಿನಿಂದ ಕೆಲವು ತಿಂಗಳು ದುಡಿದು, ದಿನದಿನದ ಕೆಲಸವನ್ನು ದಾಖಲೆ ಪುಸ್ತಕದಲ್ಲಿ, ಮಕ್ಕಳ ಬಾಯಲ್ಲಿ ಅದು 'ಲಾಗ್ ಬುಕ್', ಬರೆದಿಟ್ಟು, ವರದಿ ಸಿದ್ಧಪಡಿಸಿ, ಜಿಲ್ಲೆ, ರಾಜ್ಯ, ರಾಷ್ಟ್ರ ಹಂತಗಳಲ್ಲಿ ಅದನ್ನು ಮಂಡಿಸಬೇಕು. ಮಂಡನೆ ಸಂವಿಧಾನ ಮಾನ್ಯ ಮಾಡಿದ ಯಾವ ಭಾಷೆಯಲ್ಲಾದರೂ ಇರಬಹುದು. ಕನ್ನಡದಲ್ಲಿ ಯೋಚಿಸಿದ ಮಗು ಕನ್ನಡದಲ್ಲೇ ವಾದಿಸಿ ರಾಷ್ಟ್ರಮಟ್ಟಕ್ಕೆ ಹೋಗಬಹುದೆಂಬ ಈ ಒಂದು ನಿಯಮ, ನೂರು ಭಾಷಾ ಭಾಷಣಗಳು ಮಾಡದ ಕೆಲಸವನ್ನು ಮಾಡಿದೆ.

ಇಲ್ಲಿ ಯೋಜನೆಯೆಂದರೆ ಮಾದರಿಯಲ್ಲ, ಶೋಧನೆ. ಶಾಲೆಯ ಅಂಗಳದಲ್ಲಿ ಸೋರುವ ನಲ್ಲಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ನೂರು ಮಿಲಿಲೀಟರಿನ ಅಳತೆ ಪಾತ್ರೆ ತುಂಬಲು ಎಷ್ಟು ಹನಿ ಬೇಕೆಂದು ಮಕ್ಕಳು ಎಣಿಸುತ್ತಾರೆ. ನಾನೂರು ಹನಿ ಹಿಡಿಯಿತೆಂದರೆ ಒಂದು ಹನಿ ಕಾಲು ಮಿಲಿಲೀಟರು. ಸೆಕೆಂಡಿಗೊಂದು ಹನಿಯಂತೆ ದಿನಕ್ಕೆ 86,400 ಹನಿ, ಅಂದರೆ 21 ಲೀಟರಿಗೂ ಹೆಚ್ಚು ನೀರು. ಇಷ್ಟಕ್ಕೇ ನಿಂತರೆ ಅದು ಗಣಿತದ ಲೆಕ್ಕ. ಅದೇ ತಂಡ ಊರಿನ ಎಲ್ಲ ಸಾರ್ವಜನಿಕ ನಲ್ಲಿಗಳನ್ನು ಪಟ್ಟಿ ಮಾಡಿ, ಯಾವ ನಲ್ಲಿಯ ತಿರುಪು ಸವೆದಿದೆ, ಯಾವುದಕ್ಕೆ ತಿರುಪೇ ಇಲ್ಲ, ರಾತ್ರಿ ಹರಿಯುವ ನೀರಿಗೂ ಹಗಲು ಹರಿಯುವ ನೀರಿಗೂ ವ್ಯತ್ಯಾಸವೇನು, ಬೀದಿಯ ಕೊನೆಯ ಮನೆಗೆ ನೀರು ಏರದಿರುವುದಕ್ಕೂ ಈ ಸೋರಿಕೆಗೂ ಸಂಬಂಧವಿದೆಯೇ ಎಂದು ಕೇಳುತ್ತ ಹೋದಾಗ ಅದು ವಿಜ್ಞಾನವಾಗುತ್ತದೆ, ಪಂಚಾಯಿತಿಯವರು ಕಿವಿಗೊಡಬೇಕಾದ ವರದಿಯೂ ಆಗುತ್ತದೆ. ಕೋಲಾರ, ಪಾವಗಡದ ಕಡೆ ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡು ಇಂಥ ಅಧ್ಯಯನಕ್ಕೆ ಹೇಳಿಮಾಡಿಸಿದ ವಿಷಯ. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಂ ಮೀರಿದರೆ ಹಲ್ಲು, ಮೂಳೆಗಳಿಗೆ ಕೇಡೆಂಬುದು ಪುಸ್ತಕದ ಮಾತು. ತಮ್ಮ ಕೇರಿಯ ಯಾವ ಬಾವಿಯದು ಎಷ್ಟು ಎಂಬುದು ಅಲ್ಲಿನವರೇ ಪರೀಕ್ಷಾ ಪೆಟ್ಟಿಗೆ ಹಿಡಿದು ಹೋಗಿ ತಿಳಿಯಬೇಕಾದದ್ದು.

ಈ ಆಶಯಕ್ಕೆ ಸ್ಪರ್ಧೆಯೆಂಬುದೇ ತೊಡಕಾಗುವ ಸಂದರ್ಭಗಳುಂಟು. ಶಾಲಾ ವಸ್ತುಪ್ರದರ್ಶನಗಳಲ್ಲಿ ಅಡಿಗೆ ಸೋಡಾ, ವಿನಿಗರ್ ಬೆರೆಸಿ ನೊರೆ ಉಕ್ಕಿಸುವ ಥರ್ಮೋಕೋಲಿನ ಜ್ವಾಲಾಮುಖಿ ವರ್ಷ ವರ್ಷವೂ ಬಂದು ಬಹುಮಾನ ಪಡೆದು ಹೋಗುತ್ತದೆ. ಆ ಮಾದರಿಯ ಮುಂದೆ ನಿಂತ ಮಗು ಒಪ್ಪಿಸುವ ಮಾತು ಗಿಳಿಪಾಠ. ಮಾದರಿಯನ್ನು ಕಟ್ಟಿದವರು ಮನೆಯವರು ಇಲ್ಲವೇ ಅಂಗಡಿಯವರು. ಜ್ವಾಲಾಮುಖಿಯೇ ಇಲ್ಲದ ನಾಡಿನ ಮಕ್ಕಳು ಅದನ್ನು ಕಟ್ಟುವುದು ತಪ್ಪೇನಲ್ಲ. ಆದರೆ ಶಾಲೆಯ ಹಿಂದಿನ ಕೆರೆ ಹೂಳು ತುಂಬಿ ನಿಂತಿರುವಾಗ ಅದರ ಆಳವನ್ನು ಯಾರೂ ಅಳೆಯದಿರುವುದು ಖಂಡಿತ ಲೋಪ. ತೀರ್ಪುಗಾರರ ಹೊಣೆ ಇಲ್ಲಿ ದೊಡ್ಡದು. ಮಾದರಿಯ ಅಂದವನ್ನು ಬದಿಗಿಟ್ಟು, ಮಗುವಿನ ದಾಖಲೆ ಪುಸ್ತಕವನ್ನು ಬಿಡಿಸಿ, ಹೊಡೆದುಹಾಕಿ ತಿದ್ದಿದ ಅಂಕಿ ಅದರಲ್ಲಿ ಇದೆಯೇ ಎಂದು ಹುಡುಕುವವರೇ ಒಳ್ಳೆಯ ತೀರ್ಪುಗಾರರು. ಚಿತ್ತುಕಾಟಿಲ್ಲದ ದಾಖಲೆ ಪುಸ್ತಕ ಮುಂಚಿನ ರಾತ್ರಿ ಕುಳಿತು ನಕಲು ಮಾಡಿದ್ದೆಂದು ಅನುಭವಿ ಶಿಕ್ಷಕರು ಕಂಡಕೂಡಲೇ ಹೇಳಬಲ್ಲರು.

ಸ್ಪರ್ಧೆಯ ಗೊಡವೆಯೇ ಬೇಡವೆಂದ ದಾರಿಯೂ ಇದೆ. ಭಾರತ ಜ್ಞಾನ ವಿಜ್ಞಾನ ಸಮಿತಿಯು ರಾಜ್ಯದಲ್ಲಿ ನಡೆಸಿದ ಮಕ್ಕಳ ಹಬ್ಬಗಳಲ್ಲಿ ಬಹುಮಾನವಿಲ್ಲ. ಬೇರೆ ಊರಿನಿಂದ ಬಂದ ಮಕ್ಕಳು ಆ ಊರಿನ ಮಕ್ಕಳ ಮನೆಗಳಲ್ಲೇ ಅತಿಥಿಗಳಾಗಿ ಉಂಡು ಮಲಗಿ, ಹಗಲು ಕಾಗದ-ಕತ್ತರಿ, ಮಾಡು-ಆಡು, ಊರು ತಿಳಿಯೋಣ ಎಂಬ ಗುಂಪುಗಳಲ್ಲಿ ಕೂಡಿ ದುಡಿಯುತ್ತಾರೆ. ಊರು ತಿಳಿಯೋಣ ಗುಂಪು ಹಳೆಯ ಬಾವಿ, ಗಿರಣಿ, ಕುಂಬಾರರ ಆವಿಗೆ, ಅಂಚೆ ಕಚೇರಿಗಳಿಗೆ ಹೋಗಿ ಪ್ರಶ್ನೆ ಕೇಳಿ ಬಂದು ಗೋಡೆಯ ಮೇಲೆ ನಕ್ಷೆ ಬಿಡಿಸುತ್ತದೆ. ಯಾವ ಜಾತಿಯ ಮಗು ಯಾವ ಮನೆಯಲ್ಲಿ ಉಂಡಿತೆಂಬ ಪ್ರಶ್ನೆಯನ್ನು ಈ ಏರ್ಪಾಟು ಸದ್ದಿಲ್ಲದೆ ದಾಟಿಸುವುದರಿಂದ ಇದರ ಫಲ ವಿಜ್ಞಾನಕ್ಕಷ್ಟೇ ಸೀಮಿತವಲ್ಲ. ರಾಜ್ಯದ ಶಿಕ್ಷಣ ಇಲಾಖೆ ಮುಂದೆ ನಡೆಸಿದ ಕಲಿಕಾ ಹಬ್ಬಗಳಲ್ಲೂ ಈ ಗುಂಪುಗಳ ಅಚ್ಚು ಕಾಣುತ್ತದೆ.

ಖರ್ಚಿಲ್ಲದೆ ಇಡೀ ನಾಡು ಪಾಲ್ಗೊಳ್ಳಬಹುದಾದ ಕಾರ್ಯಕ್ರಮಗಳಲ್ಲಿ ಶೂನ್ಯ ನೆರಳಿನ ದಿನಕ್ಕೆ ಮೊದಲ ಸ್ಥಾನ ಕೊಡಬೇಕು. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಪ್ರತಿ ಊರಿನಲ್ಲೂ ವರ್ಷಕ್ಕೆರಡು ದಿನ ನಡುಹಗಲಿನಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಬೆಂಗಳೂರಿಗೆ ಆ ದಿನಗಳು ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು. ಬೀದರ್ ಹೆಚ್ಚುಕಡಿಮೆ ಬೆಂಗಳೂರಿನ ರೇಖಾಂಶದಲ್ಲೇ, ನೇರ ಉತ್ತರಕ್ಕೆ ಸುಮಾರು 550 ಕಿಲೋಮೀಟರ್ ದೂರದಲ್ಲಿದೆ. ಬೆಂಗಳೂರಿನಲ್ಲಿ ನೆರಳು ಮಾಯವಾದ ಆ ಗಳಿಗೆಯಲ್ಲಿ ಬೀದರಿನ ಒಂದು ಮೀಟರ್ ಕೋಲು ಎಂಟೂವರೆ ಸೆಂಟಿಮೀಟರಿನಷ್ಟು ನೆರಳು ಚೆಲ್ಲುತ್ತದೆ, ಅಂದರೆ ಸೂರ್ಯ ಅಲ್ಲಿ ನೆತ್ತಿಯಿಂದ ಸುಮಾರು ಐದು ಡಿಗ್ರಿ ಸರಿದಿರುತ್ತಾನೆ. ಐದು ಡಿಗ್ರಿಗೆ 550 ಕಿಲೋಮೀಟರಾದರೆ 360 ಡಿಗ್ರಿಗೆ 39,600; ಭೂಮಿಯ ಸುತ್ತಳತೆ ನಿಜವಾಗಿ ಇರುವುದು ಸುಮಾರು 40,000. ಎರಡು ಸಾವಿರ ವರ್ಷಗಳಿಗೂ ಹಿಂದೆ ಎರಟೋಸ್ತನೀಸ್ ಈಜಿಪ್ಟಿನಲ್ಲಿ ಮಾಡಿದ ಅಳತೆಯನ್ನು ಎರಡು ಸರ್ಕಾರಿ ಶಾಲೆಗಳು ಒಂದು ಕೋಲು, ಒಂದು ಅಳತೆಪಟ್ಟಿ, ಒಂದು ಫೋನ್ ಕರೆಯಲ್ಲಿ ಮಾಡಿ ಮುಗಿಸಬಹುದು.

ಸಾಧನೆಯ ಪಟ್ಟಿ ಇಷ್ಟು ದೊಡ್ಡದಿದ್ದರೂ ಸಮಾಧಾನ ಪಡುವ ಸ್ಥಿತಿ ಬಂದಿಲ್ಲವೆಂಬುದಕ್ಕೆ 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ಸಾಕ್ಷಿ. ಮಂಗಳೂರು, ಕೊಡಗುಗಳ ಕಡೆ ಜನ ಗುಂಪುಗುಂಪಾಗಿ ಸೇರಿ ಸುರಕ್ಷಿತ ಕನ್ನಡಕಗಳಲ್ಲಿ ಬೆಂಕಿಯ ಬಳೆಯನ್ನು ನೋಡಿ ಸಂಭ್ರಮಿಸಿದ ಅದೇ ಬೆಳಿಗ್ಗೆ, ಕಲಬುರಗಿ ಸಮೀಪದ ಹಳ್ಳಿಯೊಂದರಲ್ಲಿ ಅಂಗವೈಕಲ್ಯವಿರುವ ಮಕ್ಕಳನ್ನು, ಗ್ರಹಣಕಾಲದಲ್ಲಿ ಹಾಗೆ ಮಾಡಿದರೆ ಗುಣವಾಗುವುದೆಂಬ ನಂಬಿಕೆಯಿಂದ, ಕುತ್ತಿಗೆಯವರೆಗೆ ತಿಪ್ಪೆಯಲ್ಲಿ ಹೂಳಲಾಗಿತ್ತು. ಕಲಬುರಗಿಯಲ್ಲಿ 1984ರಿಂದಲೂ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಕೇಂದ್ರವನ್ನು ದೂರುವುದು ಇಲ್ಲಿನ ಉದ್ದೇಶವಲ್ಲ; ಆ ತಾಯಿತಂದೆಯರ ಪಾಲಿಗೆ ಚಿಕಿತ್ಸೆಯ ಬೇರೆ ಬಾಗಿಲುಗಳು ತೆರೆದಿದ್ದವೇ ಎಂದು ಕೇಳದೆ ಅವರನ್ನು ಹೀಗಳೆಯುವುದೂ ನ್ಯಾಯವಲ್ಲ. ಬಸ್ಸು ಹತ್ತಿ ಬಂದವರಿಗಷ್ಟೇ ದಕ್ಕುವ ವಿಜ್ಞಾನ ಸಾಲದು ಎಂಬುದಂತೂ ಅಂದು ಸ್ಪಷ್ಟವಾಯಿತು.

ಕೊನೆಯದಾಗಿ, ಈ ಇತಿಹಾಸವನ್ನು ಬರೆಯಹೊರಟವರಿಗೆ ಎದುರಾಗುವ ಒಂದು ಕೊರತೆಯನ್ನು ಓದುಗರ ಗಮನಕ್ಕೆ ತರುವುದು ಅಗತ್ಯ. ಸಮಾವೇಶಗಳು ಆರಂಭವಾಗಿ ಮೂರು ದಶಕಗಳು ಕಳೆದಿವೆ. ಈ ಅವಧಿಯಲ್ಲಿ ರಾಜ್ಯದ ಮಕ್ಕಳು ತಮ್ಮ ಊರಿನ ಬಾವಿ, ಕೆರೆ, ಮಳೆ, ಬೆಳೆ, ಹಕ್ಕಿ, ಕಸ, ಇಂಧನಗಳ ಬಗ್ಗೆ ಕಲೆಹಾಕಿದ ಅಂಕಿಅಂಶಗಳನ್ನು ಒಂದೆಡೆ ಕೂಡಿಸಿ ಓದುಗರಿಗೆ ಸಿಗುವಂತೆ ಇಡುವ ಪದ್ಧತಿ ಬೆಳೆದಿಲ್ಲ. ಬಹುಮಾನ ಬಂದ ವರದಿಗೆ ಪ್ರಮಾಣಪತ್ರ ಸಿಗುತ್ತದೆ, ಬಾರದ ವರದಿ ಶಾಲೆಯ ಬೀರುವಿನಲ್ಲಿ ಧೂಳು ತಿನ್ನುತ್ತದೆ. ಇಪ್ಪತ್ತು ವರ್ಷ ಹಿಂದೆ ಒಂದು ಹಳ್ಳಿಯ ಬಾವಿಗಳ ನೀರಿನ ಮಟ್ಟ ಎಷ್ಟಿತ್ತೆಂದು ತಿಳಿಯಲು ಹದಿಮೂರು ವರ್ಷದ ಹುಡುಗಿಯ ದಾಖಲೆ ಪುಸ್ತಕವೇ ಏಕೈಕ ಆಧಾರವಾಗಿರುವುದು ಅಸಂಭವವಲ್ಲ. ಪ್ರತಿ ಜಿಲ್ಲೆಯ ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ತನ್ನ ಗ್ರಂಥಾಲಯದಲ್ಲಿ ಈ ವರದಿಗಳಿಗೆಂದು ಒಂದು ಕಪಾಟನ್ನು ಮೀಸಲಿಡಲಿ. ಹಳೆಯ ವರದಿ, ದಾಖಲೆ ಪುಸ್ತಕ, ನಕ್ಷೆಗಳನ್ನು ಮನೆಯಲ್ಲಿ ಇಟ್ಟುಕೊಂಡಿರುವ ಮಾರ್ಗದರ್ಶಿ ಶಿಕ್ಷಕರೂ, ಈಗ ದೊಡ್ಡವರಾಗಿರುವ ಅಂದಿನ ಬಾಲ ವಿಜ್ಞಾನಿಗಳೂ ಅವುಗಳ ಒಂದೊಂದು ಪ್ರತಿಯನ್ನು, ಊರಿನ ಹೆಸರು ಮತ್ತು ವರ್ಷವನ್ನು ಮರೆಯದೆ ನಮೂದಿಸಿ, ಅಲ್ಲಿಗೆ ತಲುಪಿಸಬೇಕೆಂದು ಕೋರಲಾಗಿದೆ.